ಹಳೆಯ ಕಂಬಗಳಿಗೆ ಹೊಸ ಮಾಡು

ಸರ್ಕಾರಿ ಕ್ವಾರ್ಟರ್ಸಿನಲ್ಲಿ ಬಾಳುವೆ ಮಾಡುವ ನಮ್ಮಂಥವರು ಗೋಡೆಗೆ ಮೊಳೆ ಹೊಡೆಯುವುದಕ್ಕೂ ಹಿಂದುಮುಂದು ನೋಡಬೇಕು. ಅಂಥ ನಾವು ದೆಹಲಿಯಲ್ಲಿ ಕುಳಿತು, ಸಾಗರದ ಕಡೆಯ ನಮ್ಮ ಊರಿನ ಅಂಗಳದಲ್ಲಿ ಮರದ ಚಾವಡಿಯೊಂದನ್ನು ಕಟ್ಟಿಸಹೊರಟಿದ್ದೇವೆ.

ಕಾರಣ ಇಷ್ಟೇ. ಹಿರಿಯರ ಮನೆ ಪಾಲಾಯಿತು. ಅಣ್ಣ ತಾರಸಿ ಮನೆ ಕಟ್ಟಿಸಿದ. ಹಳೆಯದನ್ನು ಬಿಚ್ಚಿದಾಗ ಆರು ಹಲಸಿನ ಕಂಬಗಳೂ ಐದು ತೊಲೆಗಳೂ ಗಟ್ಟಿಯಾಗಿ ಉಳಿದವು. ವ್ಯಾಪಾರಿಯೊಬ್ಬರು ಒಳ್ಳೆಯ ಬೆಲೆ ಹೇಳಿ ಹೋದರು. ಇಂಥ ಕಂಬಗಳಿಗೆ ರೆಸಾರ್ಟುಗಳವರಿಂದ ಬೇಡಿಕೆಯಂತೆ. "ಮಾರಿ ಹಂಚಿಕೊಳ್ಳೋಣ, ಮಳೆಗೆ ನೆನೆದು ಹಾಳಾಗೋದು ಬೇಡ" ಎಂದು ಅಣ್ಣನ ಫೋನು. ಅವನ ಮಾತಿನಲ್ಲಿ ತಪ್ಪೇನಿಲ್ಲ. ಮಳೆಗಾಲದಲ್ಲಿ ಅವನ್ನು ಕಾಯುವವನು ಅವನೇ ತಾನೆ? ಆದರೆ ಅಮ್ಮ ಫೋನು ಇಸಿದುಕೊಂಡು, "ನೀವೆಲ್ಲ ಒಟ್ಟಿಗೆ ಬಂದ್ರೆ ಕೂರೋದು ಎಲ್ಲೋ ಮಗಾ?" ಎಂದರು.

ಆ ರಾತ್ರಿಯೇ ನಮ್ಮ ಊಟದ ಮೇಜಿನ ಮೇಲೆ ಗ್ರಾಫ್ ಕಾಗದ ಹರಡಿತು. ಎಂದೋ ಓದಿದ ಬಿ.ಎಸ್ಸಿ.ಗೆ ಇಷ್ಟು ವರ್ಷಗಳ ನಂತರ ಕೆಲಸ ಬಂತು! ಉದ್ದ 16 ಅಡಿ, ಅಗಲ 12 ಅಡಿ. ಒಂದೊಂದು ಬದಿಗೆ ಮೂರು ಕಂಬ. ಸುತ್ತಲೂ 2 ಅಡಿ ಸೂರು ಇಳಿಬಿಟ್ಟರೆ 500ಕ್ಕೂ ಮಿಕ್ಕಿ ಮಂಗಳೂರು ಹಂಚು ಬೇಕು. ಒಂದಕ್ಕೆ ಎರಡೂವರೆ ಕಿಲೋ ಹಿಡಿದರೂ 12 ಕ್ವಿಂಟಾಲಿಗೆ ಮೇಲಾಯಿತು; ಮಳೆಯಲ್ಲಿ ನೆನೆದರೆ ಇನ್ನೂ ಭಾರ. ಆದ್ದರಿಂದ ತೊಲೆಯನ್ನು ಮಲಗಿಸಬಾರದು, ಎತ್ತರದ ಮಗ್ಗುಲಿಗೆ ನಿಲ್ಲಿಸಬೇಕು. ಅಗಲ ಅಷ್ಟೇ ಇದ್ದು ಎತ್ತರ ಇಮ್ಮಡಿಯಾದರೆ ಹೊರುವ ಶಕ್ತಿ ನಾಲ್ಮಡಿ. ಬಾಗುವುದು ಎಂಟರಲ್ಲೊಂದು ಪಾಲು.

ಮಗಳು ಬೆಂಕಿಪೊಟ್ಟಣದ ಹೊರಕವಚವನ್ನು ಒತ್ತಿ ತೋರಿಸಿದಳು. ಚೌಕ ಓರೆಯಾಗುತ್ತದೆ, ಮೂಲೆಗೊಂದು ಕಡ್ಡಿ ಅಡ್ಡಕೊಟ್ಟರೆ ಅಲುಗದು. ಹಾಗೆಯೇ ಕಂಬ-ತೊಲೆಗಳ ನಡುವೆ ಓರೆಯ ಆನಿಕೆ ಬರೆದುಕೊಂಡೆವು.

ಊರಿನ ಆಚಾರ್ರು ನಕ್ಷೆ ನೋಡಿ, "ಲೆಕ್ಕ ಸರಿ ಉಂಟು ಅಯ್ಯಾ. ಆದ್ರೆ ಕಂಬ ಮಣ್ಣಲ್ಲಿ ಹುಗಿಯೋ ಹಾಗಿಲ್ಲ" ಎಂದರು. ಮರದ ಕಡಿದ ತುದಿ ಬತ್ತಿಯಂತೆ ನೀರು ಹೀರುತ್ತದೆ. ಗೆದ್ದಲೂ ಅಲ್ಲಿಂದಲೇ ಹತ್ತುತ್ತದೆ. ಒಂದೂವರೆ ಅಡಿ ಎತ್ತರದ ಕಲ್ಲಿನ ಮೇಲೆ ಕಂಬ ಕೂರಬೇಕು, ಗಾಳಿಗೆ ಏಳದಂತೆ ನಡುವೆ ಕಬ್ಬಿಣದ ಸರಳು. ಪಕಾಸಿಗೆ ತರುವ ಹೊಸ ಮರ ಚೆನ್ನಾಗಿ ಒಣಗಿರಬೇಕು. ಹಸಿ ಮರ ಒಣಗುವಾಗ ಉದ್ದಕ್ಕೆ ಅಷ್ಟಾಗಿ ಕುಗ್ಗದು, ಅಡ್ಡಕ್ಕೆ ಕುಗ್ಗುತ್ತದೆ. ಆಗ ಬಿಗಿಯಾಗಿದ್ದ ಕಚ್ಚೂ ಸಡಿಲವಾಗುತ್ತದೆ.

ಉಳಿದದ್ದು ಹಣದ ಮಾತು. ವ್ಯಾಪಾರಿ ಹೇಳಿದ ಬೆಲೆಯಲ್ಲಿ ಅಣ್ಣನ ಪಾಲನ್ನು ನಾವು ಕೊಡುವುದೆಂದು ನಿಶ್ಚಯವಾಯಿತು. ಅವನು ಸಂಕೋಚಪಟ್ಟ. "ಇಸ್ಕೊಳ್ಳಿ, ನಾಳೆ ಮಾತು ಬರೋದು ಬೇಡ" ಎಂದು ಅತ್ತಿಗೆಯೇ ಹೇಳಿದರು. ಅದರಿಂದ ನಮ್ಮ ಹೊಸ ಫ್ರಿಜ್ಜು ಮುಂದಕ್ಕೆ ಹೋಯಿತು. ಅಣ್ಣನ ಷರತ್ತು ಒಂದೇ: ಜೂನಿನೊಳಗೆ ಹಂಚು ಕೂರಬೇಕು, ಇಲ್ಲವಾದರೆ ಕಂಬಗಳು ವ್ಯಾಪಾರಿಯ ಲಾರಿಗೆ. ಏಪ್ರಿಲಿನಲ್ಲಿ ಎಲ್.ಟಿ.ಸಿ. ಮೇಲೆ ಹೊರಡುತ್ತಿದ್ದೇವೆ.

ಊರಿನಲ್ಲಿ ಹಳೆಯ ಮನೆ ಬಿಚ್ಚಿಸಲಿರುವ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಬಿಚ್ಚುವ ಮೊದಲೇ ಪ್ರತಿ ಕಂಬಕ್ಕೂ ತೊಲೆಗೂ ಬಣ್ಣದಲ್ಲಿ ಸಂಖ್ಯೆ ಬರೆಸಿ, ಅಳತೆ ಗುರುತು ಹಾಕಿಕೊಳ್ಳಿ. ನೆಲಕ್ಕೆ ತಾಗದಂತೆ ನೆರಳಿನಲ್ಲಿ ಪೇರಿಸಿಡಿ. ಮಾರುವುದಿದ್ದರೆ ಆಮೇಲೂ ಮಾರಬಹುದು. ಮಾರಿದ ಕಂಬ ಮಾತ್ರ ಅಂಗಳಕ್ಕೆ ಮರಳದು.