ವಯಸ್ಕರಿಗೆ ಮಾತ್ರ

ನಾನು ಎಂಟನೆಯ ತರಗತಿಯಲ್ಲಿದ್ದಾಗ, ಎಂದರೆ 2001ರಲ್ಲಿ, ನಮ್ಮ ದೊಡ್ಡಬಳ್ಳಾಪುರದ ಚಿತ್ರಮಂದಿರವೊಂದರ ಬಾಗಿಲಲ್ಲಿ ನನಗಾದ ಅವಮಾನವನ್ನು ಇಂದಿಗೂ ಮರೆತಿಲ್ಲ. ಗೋಡೆಯ ಮೇಲಿನ ಭಿತ್ತಿಚಿತ್ರದ ಮೂಲೆಯಲ್ಲಿ, ಪುಟ್ಟ ವೃತ್ತದೊಳಗೆ, ‘ಎ’ ಎಂಬ ಅಕ್ಷರವಿತ್ತು. ನೆರೆಮನೆಯ ಗೆಳೆಯನೂ ನಾನೂ ಮೇಲ್ದುಟಿಗೆ ಕಾಡಿಗೆ ತೀಡಿಕೊಂಡು, ಅಣ್ಣಂದಿರ ಪ್ಯಾಂಟು ತೊಟ್ಟು, ಸಾಧ್ಯವಾದಷ್ಟು ಗಾಂಭೀರ್ಯದಿಂದ ಟಿಕೆಟ್ಟು ಚಾಚಿದೆವು. ಬಾಗಿಲು ಕಾಯುತ್ತಿದ್ದ ವೃದ್ಧನು ಟಿಕೆಟ್ಟನ್ನು ನೋಡಲೇ ಇಲ್ಲ. ನಮ್ಮ ಮುಖವನ್ನು ನೋಡಿದನು.

“ಲೇ, ನೀನು ಮೇಷ್ಟ್ರ ಮಗ ಅಲ್ವೇನೋ?”

ಅಷ್ಟೇ ಸಾಕಾಯಿತು. ನಾನು ಮನೆ ಸೇರುವುದಕ್ಕೆ ಮುಂಚೆಯೇ ಸುದ್ದಿ ಮನೆ ಸೇರಿತ್ತು. ಅಂದಿನ ಸಂಜೆ ಬೀದಿಯ ಮಗ್ಗಗಳೆಲ್ಲ ನನ್ನನ್ನೇ ಕುರಿತು ಸದ್ದು ಮಾಡುತ್ತಿರುವಂತೆ ತೋರಿತು.

ಆ ‘ಎ’ ಅಕ್ಷರದ ಹಿಂದೆ 1952ರ ಸಿನಿಮಾ ಕಾಯಿದೆ ಇದೆಯೆಂಬುದು ನನಗೆ ತಿಳಿದದ್ದು ಬಹುಕಾಲದ ಮೇಲೆ. 1983ರಲ್ಲಿ ಹಿರಿಯರ ಜೊತೆಗೂಡಿ ನೋಡಬಹುದಾದ ‘ಯು/ಎ’ ಬಂದಿತು. 2023ರ ತಿದ್ದುಪಡಿಯು ಅದನ್ನೂ 7, 13, 16 ವರ್ಷಗಳೆಂದು ಮೂರು ಮೆಟ್ಟಿಲು ಮಾಡಿತು. ಆದರೆ ನನ್ನನ್ನು ತಡೆದದ್ದು ಕಾಯಿದೆಯಲ್ಲ. ಕಾಯಿದೆಯನ್ನು ತನ್ನದೆಂದುಕೊಂಡ ಆ ವೃದ್ಧ.

ಈ ಹಳೆಯ ಕಥೆ ನೆನಪಾದದ್ದು ಕಳೆದ ದಸರಾ ರಜೆಯಲ್ಲಿ. ತಂಗಿಯ ಮಗ, ಹನ್ನೊಂದು ವರ್ಷದ ಹುಡುಗ, ನಮ್ಮಲ್ಲಿಗೆ ಬಂದಿದ್ದನು. ನನ್ನ ಮುಂದೆ ಉತ್ತರಪತ್ರಿಕೆಗಳ ರಾಶಿ. “ಮಾಮ, ಆಟಕ್ಕೆ ಫೋನ್ ಕೊಡಿ” ಎಂದನು, ಕೊಟ್ಟೆನು. ಎರಡು ಗಂಟೆಗಳ ಕಾಲ ಮನೆ ನಿಶ್ಶಬ್ದವಾಗಿತ್ತು. ಆ ನಿಶ್ಶಬ್ದ ನನಗೆ ಹಿತವಾಗಿಯೇ ಇತ್ತೆಂಬುದನ್ನು ಮುಚ್ಚಿಡುವುದಿಲ್ಲ.

ಕಾಫಿಗೆಂದು ಎದ್ದವನು ಅವನ ಭುಜದ ಮೇಲಿಂದ ಇಣುಕಿದೆನು. ಪರದೆಯಲ್ಲಿ ಒಬ್ಬ ಮನುಷ್ಯ ಮೊಣಕಾಲೂರಿ ಕೈ ಮುಗಿಯುತ್ತಿದ್ದನು. ಹುಡುಗನ ಹೆಬ್ಬೆರಳು ಆಡಿತು, ಮನುಷ್ಯ ಉರುಳಿದನು. ನಾನು ಬೆಚ್ಚಿದೆನು, ಹುಡುಗ ಬೆಚ್ಚಲಿಲ್ಲ.

“ಇವನನ್ನ ಬಿಟ್ರೆ ಪಾಯಿಂಟ್ ಬರಲ್ಲ ಮಾಮ.”

ಆಟದ ಹೆಸರಿನಡಿ, ಸಣ್ಣ ಅಕ್ಷರಗಳಲ್ಲಿ, 18 ಎಂಬ ಅಂಕಿ ಇತ್ತು. ನಿನಗೆ ಇದು ಹೇಗೆ ಸಿಕ್ಕಿತೆಂದು ಕೇಳಿದೆನು. “ಹುಟ್ಟಿದ ದಿನ ಕೇಳ್ತು. ನಿಮ್ಮದನ್ನೇ ಹಾಕ್ದೆ” ಎಂದನು. ನನಗೆ ಕಾಡಿಗೆಯ ಮೀಸೆ ಬೇಕಾಗಿತ್ತು. ಅವನಿಗೆ ನಾನೇ ಮೀಸೆಯಾಗಿದ್ದೆ!

ಇದು ನಮ್ಮೊಬ್ಬರ ಮನೆಯ ಚಿಂತೆಯಲ್ಲ. ‘ಮಾರ್ಟಲ್ ಕಾಂಬ್ಯಾಟ್’ ಮೊದಲಾದ ಆಟಗಳ ರಕ್ತಪಾತವನ್ನು ಕುರಿತು 1993ರಲ್ಲಿ ಅಮೆರಿಕದ ಸೆನೆಟ್ ವಿಚಾರಣೆ ನಡೆಸಿತು. ಮರುವರ್ಷವೇ ಅಲ್ಲಿನ ಆಟದ ಉದ್ಯಮವು ತನ್ನದೇ ವರ್ಗೀಕರಣ ಮಂಡಳಿಯನ್ನು ಕಟ್ಟಿಕೊಂಡಿತು. ಆಸ್ಟ್ರೇಲಿಯಾದ ಕಥೆ ಇನ್ನೂ ಬೋಧಪ್ರದ. ಅಲ್ಲಿ ಚಲನಚಿತ್ರಗಳಿಗೆ ವಯಸ್ಕರ ವರ್ಗವಿದ್ದರೂ ಆಟಗಳಿಗೆ 15 ವರ್ಷದ ವರ್ಗವೇ ಕಡೆಯದು. ಅದನ್ನು ಮೀರಿದ ಆಟಕ್ಕೆ ಮಾರಾಟದ ಅನುಮತಿಯೇ ಇಲ್ಲ. ‘ವಯಸ್ಕರಿಗೆ ಮಾತ್ರ’ ಎಂಬ ಮುದ್ರೆ ಕೊಟ್ಟರೆ ಕೆಟ್ಟದ್ದಕ್ಕೆ ಬಾಗಿಲು ತೆರೆದಂತೆ ಎಂದು ಕೆಲವರು ವಾದಿಸಿದರು. ಆದರೆ ಆದದ್ದೇನು? ಬೇರೆ ದೇಶಗಳಲ್ಲಿ 18ರ ಮುದ್ರೆ ಪಡೆದಿದ್ದ ಹಲವು ಆಟಗಳು ಅಲ್ಲಿ 15ರ ಪಂಕ್ತಿಯಲ್ಲಿ ಕುಳಿತುಬಿಟ್ಟವು. ವರ್ಷಗಟ್ಟಲೆ ಚರ್ಚೆಯಾಗಿ, 2013ರ ಜನವರಿ 1ರಿಂದ ವಯಸ್ಕರ ವರ್ಗ ಜಾರಿಗೆ ಬಂದಿತು. ದೊಡ್ಡವರಿಗೆ ಬೇರೆ ಎಲೆ ಹಾಕದಿದ್ದರೆ ಅವರು ಮಕ್ಕಳ ಪಂಕ್ತಿಗೇ ನುಗ್ಗುವರೆಂಬುದು ಇದರ ಪಾಠ.

ನಮ್ಮಲ್ಲಿ ನಿಷೇಧಗಳಿಗೆ ಕೊರತೆಯಿಲ್ಲ. 2020ರ ಸೆಪ್ಟೆಂಬರಿನಲ್ಲಿ ‘ಪಬ್‌ಜಿ’ ನಿಷಿದ್ಧವಾಯಿತು; ಕಾರಣ ದೇಶದ ಭದ್ರತೆ. 2025ರ ಕಾಯಿದೆ ಹಣವೊಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಅದರ ದೃಷ್ಟಿ ಪಣದ ಮೇಲೆ. ಚಲನಚಿತ್ರಕ್ಕಿರುವಂತೆ ಆಟವನ್ನು ಕಣ್ಣಾರೆ ನೋಡಿ, ಇದು ಎಷ್ಟು ವಯಸ್ಸಿನವರಿಗೆ ಎಂದು ತೀರ್ಮಾನಿಸುವ ಮಂಡಳಿ ನಮಗಿಲ್ಲ. ನಾನು ಫೋನಿನಲ್ಲಿ ಕಂಡಂಥ ಅಂಕಿ, ಆಟವನ್ನು ತಯಾರಿಸಿದವರು ಒಂದು ಪ್ರಶ್ನಾವಳಿಗೆ ಕೊಟ್ಟ ಉತ್ತರಗಳಿಂದ ಹುಟ್ಟುವಂಥದು. ಉತ್ತರಪತ್ರಿಕೆ ತಿದ್ದುವವನಿಗೆ ಈ ಏರ್ಪಾಡು ಸ್ವಲ್ಪ ವಿಚಿತ್ರವಾಗಿಯೇ ಕಾಣುತ್ತದೆ.

ಆದುದರಿಂದ ಅಂಥದೊಂದು ಮುದ್ರೆ ನಮಗೂ ಬೇಕು. ಅಜ್ಜಿಗೂ ಕಾಣುವಷ್ಟು ದೊಡ್ಡದಾಗಿ, ಕನ್ನಡದಲ್ಲಿ ಬೇಕು. ಆದರೆ ಫೋನಿನ ಬಾಗಿಲಲ್ಲಿ ಮುಖ ನೋಡುವ ವೃದ್ಧನಿಲ್ಲ. ಅವನ ಸ್ಥಾನದಲ್ಲಿ ನಿಲ್ಲಬೇಕಾದವನೇ ಎರಡು ಗಂಟೆಯ ನಿಶ್ಶಬ್ದಕ್ಕಾಗಿ ಬಾಗಿಲು ತೆಗೆದುಕೊಟ್ಟರೆ ಮುದ್ರೆ ತಾನೇ ಏನು ಮಾಡೀತು?

ಅಂದು ರಾತ್ರಿ ಹುಡುಗನಿಗೆ ನನ್ನ ಕಾಡಿಗೆ ಮೀಸೆಯ ಕಥೆ ಹೇಳಿದೆನು. ಹೊಟ್ಟೆ ಹಿಡಿದುಕೊಂಡು ನಕ್ಕನು. ಆಮೇಲೆ ಕೇಳಿದನು:

“ಆ ತಾತ ಈಗಲೂ ಇದಾರಾ ಮಾಮ?”

“ಇಲ್ಲ. ಆ ಚಿತ್ರಮಂದಿರವೂ ಇಲ್ಲ.”

“ಹಾಗಾದ್ರೆ ಈಗ ಯಾರು ನೋಡ್ಕೊಳ್ತಾರೆ?”

ಉತ್ತರಪತ್ರಿಕೆಗಳ ಕಟ್ಟನ್ನು ಬದಿಗೆ ಸರಿಸಿ, ಅಟ್ಟದ ಮೇಲಿನ ಚೌಕಾಬಾರದ ಮಣೆ ಹುಡುಕಲು ಎದ್ದೆನು. ಮೊದಲ ಆಟದಲ್ಲಿಯೇ ಅವನು ನನ್ನ ಮೂರು ಕಾಯಿಗಳನ್ನು ನಿರ್ದಾಕ್ಷಿಣ್ಯವಾಗಿ ಕಡಿದನು. ಆದರೆ ಒಂದೊಂದು ಕಾಯಿ ಕಡಿದಾಗಲೂ ತಲೆಯೆತ್ತಿ ನನ್ನ ಮುಖ ನೋಡುತ್ತಿದ್ದನು.