ಸಂಶಯವೂ ಸಾಕ್ಷ್ಯವೂ

ಪತ್ತೇದಾರಿ ಚಲನಚಿತ್ರಗಳು ಕೇವಲ ಕಾಲಹರಣದ ಸಾಧನಗಳೆಂಬ ಭಾವನೆ ನಮ್ಮ ಅನೇಕ ಮನೆಗಳಲ್ಲಿದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿ ವಾಸಿಸುವ ನಾವು ನಾಲ್ಕು ಕುಟುಂಬಗಳವರು ತಿಂಗಳಿಗೊಮ್ಮೆ ಒಂದೆಡೆ ಕುಳಿತು ಇಂಥ ಹಳೆಯ ಚಿತ್ರಗಳನ್ನು ನೋಡುತ್ತೇವೆ. ಕಮಲಾಪುರದ ಸ್ನೇಹಿತರು ಬರುವಾಗ ತಮ್ಮೂರಿನ ಪ್ರಸಿದ್ಧ ಕೆಂಪು ಬಾಳೆಹಣ್ಣು ತರುತ್ತಾರೆ. ಡಾ. ರಾಜಕುಮಾರ್ ಸಿ.ಐ.ಡಿ. 999 ಆಗಿ ನಟಿಸಿದ, ದೊರೈ–ಭಗವಾನ್ ನಿರ್ದೇಶನದ 'ಜೇಡರ ಬಲೆ' (1968) ಹಿರಿಯರಿಗೆ ಅಚ್ಚುಮೆಚ್ಚು. ಹಾಡುಗಳೇ ಇಲ್ಲದ, ಸುನೀಲ್ ಕುಮಾರ್ ದೇಸಾಯಿಯವರ 'ತರ್ಕ' (1989) ಕಿರಿಯರಿಗೆ.

ಚಿತ್ರವನ್ನು ನಡುವೆ ನಿಲ್ಲಿಸಿ, ಮುಂದೇನೆಂಬುದನ್ನು ಪ್ರತಿಯೊಬ್ಬರೂ ಕಾರಣಸಹಿತ ಹೇಳಬೇಕೆಂಬುದು ನಮ್ಮ ನಿಯಮ. "ಮುಖ ನೋಡಿದರೇ ಗೊತ್ತಾಗುತ್ತದೆ" ಎಂಬ ಉತ್ತರಕ್ಕೆ ಅಲ್ಲಿ ಮಾನ್ಯತೆಯಿಲ್ಲ.

ಈ ಅಭ್ಯಾಸದ ಬೆಲೆ ಕಳೆದ ವರ್ಷ ತಿಳಿಯಿತು. ಒಂದು ಮನೆಯಲ್ಲಿ ಬಂಗಾರದ ಉಂಗುರ ಕಾಣೆಯಾದಾಗ ಮನೆಯವರ ದೃಷ್ಟಿ ಕೆಲಸದಾಕೆಯ ಮೇಲೆ ಬಿದ್ದಿತು. ಹತ್ತು ವರ್ಷದ ಮೊಮ್ಮಗಳು, "ಸಾಕ್ಷ್ಯವೇನು?" ಎಂದು ಕೇಳಿದಳು. ಹಿರಿಯರು ಮೌನ ತಾಳಿದರು. ಮೂರನೆಯ ದಿನ ಉಂಗುರ ಜೋಳದ ಹಿಟ್ಟಿನ ಡಬ್ಬಿಯಲ್ಲಿ ದೊರೆಯಿತು!

ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಶರಣರು ಬೋಧಿಸಿದರು. ದುಡಿಯುವವರ ಬಡತನವನ್ನೇ ಸಾಕ್ಷ್ಯವೆಂದು ಬಗೆಯುವುದು ಆ ಬೋಧೆಗೆ ವಿರುದ್ಧವಲ್ಲವೇ? ಮಕ್ಕಳೊಡನೆ ಕುಳಿತು ನೋಡಿ, ಚರ್ಚಿಸಿದರೆ ಪತ್ತೇದಾರಿ ಚಿತ್ರವೂ ಈ ವಿವೇಕವನ್ನು ಕಲಿಸಬಲ್ಲದು. ಆ ತಾಯಿ ಇಂದಿಗೂ ಅದೇ ಮನೆಯಲ್ಲಿ ಕಾಯಕನಿರತಳಾಗಿದ್ದಾಳೆ. ಆ ಮೂರು ದಿನಗಳ ಸಂಗತಿ ಆಕೆಗೆ ತಿಳಿಯದು.