ಅವ್ವನ ಸೊಂಟದ ಅಳತೆ

ಆಶಾ ಅಕ್ಕ ಟೇಪು ಹಿಡಿದು ತುರ್ವಿಹಾಳದ ನಮ್ಮ ಕೇರಿಗೆ ಬಂದಳು. ಮೂವತ್ತು ದಾಟಿದವರ ಸೊಂಟ ಅಳೆದು ಫಾರಂ ತುಂಬಬೇಕು. ಹೆಂಗಸರಿಗೆ 80 ಸೆಂಟಿಮೀಟರ್ ಒಳಗಿದ್ದರೆ ಸೊನ್ನೆ, 90 ದಾಟಿದರೆ ಎರಡು ಅಂಕ. ಅವ್ವನದು 94. ‘ನನಗೂ ಎಲ್ಡು ನಂಬರ್ ಬಂದ್ವು ನೋಡ್ರೋ’ ಅಂತ ಡಿಗ್ರಿ ಓದಿದ ನಮ್ಮಿಬ್ಬರ ಕಡೆ ತಿರುಗಿ ನಕ್ಕಳು. ಕಟ್ಟೆ ಮ್ಯಾಲೆ ಕೂತವರೊಬ್ಬರು ‘ಪುಕ್ಕಟೆ ಅಕ್ಕಿ ಉಂಡ ಹೊಟ್ಟಿ’ ಅಂದರು. ಅವ್ವನ ನಗು ಅಲ್ಲೇ ನಿಂತಿತು.

ಆ ಮಾತಿಗೆ ಆವತ್ತು ನಮ್ಮ ಬಾಯಲ್ಲಿ ಉತ್ತರ ಇರಲಿಲ್ಲ. ಈಗ ಬರೆಯುತ್ತಿದ್ದೇವೆ.

ಅವ್ವನ ಕೈಕಾಲು ಕಟ್ಟಿಗೆ, ಹೊಟ್ಟೆ ಮಾತ್ರ ಮುಂದೆ. ತಕ್ಕಡಿ ಹೇಳದ್ದನ್ನು ಟೇಪು ಹೇಳುತ್ತದೆ. ಹೊಟ್ಟೆಯೊಳಗೆ ಕೂತ ಕೊಬ್ಬು ಸುಮ್ಮನಿರುವುದಿಲ್ಲ. ಅದರಿಂದ ಇಳಿದ ಜಿಡ್ಡು ಲಿವರಿಗೆ, ಸ್ನಾಯುಗಳಿಗೆ ಸೇರಿ ಅವು ಇನ್ಸುಲಿನ್ ಮಾತು ಕೇಳದಂತಾಗುತ್ತವೆ. ಎಡದಂಡೆ ಕಾಲುವೆ ತುಂಬಿ ಹರಿದರೂ ತೂಬು ತೆರೆಯದಿದ್ದರೆ ಗದ್ದೆ ಒಣಗುತ್ತದಲ್ಲ, ಹಾಂಗ: ರಕ್ತದ ತುಂಬ ಸಕ್ಕರೆ, ಮೈಯೆಲ್ಲ ಸುಸ್ತು. ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿದು ಸುರಿದು ಕಡೆಗೆ ಸೋಲುತ್ತದೆ. ಅವ್ವನದು ಸೋತಿದೆ.

ಇದು ಸಾವ್ಕಾರರ ರೋಗವಂತೆ! ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದಾರೆ. 1997-98ರಲ್ಲಿ ಅಲ್ಲಿ ಹುಟ್ಟಿದ ಕೂಸುಗಳನ್ನೂ ಅಳೆದರು. ಇಂಗ್ಲೆಂಡಿನ ಕೂಸುಗಳಿಗಿಂತ ತೂಕ ಕಡಿಮೆ. ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟು ಕಡಿಮೆಯಿಲ್ಲ. ಬಸಿರಲ್ಲಿ ಕೊರತೆಯಾದರೆ ಮಾಂಸ ಬೆಳೆಯುವುದಿಲ್ಲ, ಕೊಬ್ಬು ಉಳಿಯುತ್ತದೆ. ಮುಂದೆ ಹೊಟ್ಟೆ ತುಂಬ ಅನ್ನ ಸಿಕ್ಕಾಗ ಆ ಮೈ ಅದನ್ನು ತಾಳಿಕೊಳ್ಳಲಾರದು.

ಅಜ್ಜಿ ಅವ್ವನನ್ನು ಹೊಟ್ಟೆಯಲ್ಲಿಟ್ಟುಕೊಂಡು ಧಣೇರ ಹೊಲದಲ್ಲಿ ಕಳೆ ತೆಗೆದಳು. ಏನುಂಡಿದ್ದಳೋ, ಯಾರು ಅಳೆದು ಬರೆದರು? ಕಾಲುವೆ ಬಂದು ಜೋಳದ ಹೊಲ ಭತ್ತದ ಗದ್ದೆಯಾದವು. ನಾಟಿ ಮಾಡಿದ್ದು ಅವ್ವನ ನಡು. 2013ರಲ್ಲಿ ಅನ್ನಭಾಗ್ಯ ಬಂತು. ಅದನ್ನು ಹಂಗಿಸುವವರ ಜೊತೆ ನಾವಿಲ್ಲ. ಉಪವಾಸ ಮಲಗಿದವರಿಗೆ ಅದರ ಬೆಲೆ ಗೊತ್ತು. ಅಕ್ಕಿಯ ಜೊತೆ ಬೇಳೆ, ಕಾಳೂ ಬೇಕು ಅನ್ನುವುದು ನಮ್ಮ ಜಗಳ.

ಡಾಕ್ಟರು ‘ಅನ್ನ ಕಡಿಮಿ ಮಾಡು, ಕಾಳು-ತಪ್ಪಲ ಉಣ್ಣು, ದಿನಾ ನಡಿ’ ಅಂದರು. ‘ಇಷ್ಟು ವರ್ಷ ನಾ ಏನ್ ಕುಂತಿದ್ನೇನ್ರಿ?’ ಅಂದಳು ಅವ್ವ.

ಮೊನ್ನೆ ಆಶಾ ಅಕ್ಕನ ಕೈಯಿಂದ ಟೇಪು ಇಸಕೊಂಡು ‘ಬರ್ರಿ ಇಲ್ಲಿ’ ಅಂದಳು. ಗಂಡಸರಿಗೆ 90 ಗಡಿ. ನಾವಿಬ್ಬರೂ ಹೊಟ್ಟೆ ಒಳಗೆಳೆದು ನಿಂತೆವು.

‘ಉಸುರು ಬಿಡ್ರೋ’ ಅಂದಳು.